ಮಣ್ಣಿನಲ್ಲಿ ಹೂಳಿಟ್ಟ ತಲಾಂತು

ಓದತಕ್ಕ ಭಾಗಗಳು: ಮತ್ತಾಯ 25:14–30, ವಿಮೋಚನಕಾಂಡ 35:20–35, ಅಪೊಸ್ತಲರ ಕೃತ್ಯಗಳು 9:36–42



ಕರ್ತನಾದ ಯೇಸು ತನ್ನ ಬಾಧೆಮರಣಗಳಿಗೆ ಕೆಲವೇ ದಿವಸಗಳ ಮುಂಚೆ ಎಣ್ಣೇಮರಗಳ ಗುಡ್ಡದ ಮೇಲೆ ಕೂತುಕೊಂಡು ಶಿಷ್ಯರಿಗೆ ಹೇಳಿದ ಸಾಮ್ಯಗಳಲ್ಲಿ ತಲಾಂತುಗಳ ಸಾಮ್ಯವು ಒಂದಾಗಿದೆ. ಯಜಮಾನನೊಬ್ಬನು ದೂರದೇಶಕ್ಕೆ ಹೊರಡುವಾಗ ತನ್ನ ಆಳುಗಳನ್ನು ಕರೆದು, ಒಬ್ಬನಿಗೆ ಐದು, ಮತ್ತೊಬ್ಬನಿಗೆ ಎರಡು, ಇನ್ನೊಬ್ಬನಿಗೆ ಒಂದು, ಹೀಗೆ ಅವನವನ ಶಕ್ತಿಯನ್ನು ನೋಡಿ ತಲಾಂತುಗಳನ್ನು ಒಪ್ಪಿಸಿ ಹೋದನು. ಮೊದಲಿನ ಇಬ್ಬರು ವ್ಯಾಪಾರಮಾಡಿ ಕೊಟ್ಟದ್ದನ್ನು ಎರಡರಷ್ಟು ಮಾಡಿದರು. ಮೂರನೆಯವನು ನೆಲವನ್ನು ಅಗೆದು ಹೂಳಿಟ್ಟನು. ಬಹುಕಾಲದ ಮೇಲೆ ಯಜಮಾನನು ಬಂದು ಲೆಕ್ಕವನ್ನು ಕೇಳಿದನು.

ಈ ಸಾಮ್ಯವನ್ನು ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದವರಾದರೂ ಕೇಳುವಾಗಲೆಲ್ಲಾ ನಮ್ಮ ಮನಸ್ಸು ಐದು ತಲಾಂತಿನವನ ಮೇಲೆಯೇ ನಿಲ್ಲುವದು. ಇದು ಓದಿದವರಿಗೂ ಹಣವುಳ್ಳವರಿಗೂ ಸಂಬಳದ ಸೇವಕರಿಗೂ ಹೇಳಿದ ಮಾತು, ನಮ್ಮಂಥ ಕೂಲಿಯವರಿಗಲ್ಲ ಎಂದೆಣಿಸಿ ಎದ್ದುಹೋಗುತ್ತೇವೆ. ಆದರೆ ವಚನಗಳನ್ನು ಬೆರಳಿಟ್ಟು ಎಣಿಸಿ ನೋಡಿರಿ. ಸಾಮ್ಯದ 17 ವಚನಗಳಲ್ಲಿ ಐದು ತಲಾಂತಿನವನಿಗೆ ಮೂರು, ಎರಡು ತಲಾಂತಿನವನಿಗೆ ಮೂರು. ಒಂದೇ ತಲಾಂತಿನವನ ಸಂಗತಿಗೋ ಎಂಟು ವಚನಗಳು ಸಂದಿವೆ. ಕರ್ತನು ಈ ಮಾತನ್ನು ವಿಶೇಷವಾಗಿ ಯಾರಿಗೋಸ್ಕರ ಹೇಳಿದನೆಂಬದು ಇದರಿಂದಲೇ ತಿಳಿಯುವದಲ್ಲವೋ? ಕಡಿಮೆ ಹೊಂದಿದವನಿಗೇ ಆತನು ಹೆಚ್ಚು ಹೊತ್ತು ಮಾತಾಡಿದನು.

ಕಡಿಮೆ ಎಂದೆವು. ಅದಾದರೂ ನಿಜವೋ ಎಂದು ವಿಚಾರಿಸೋಣ. ತಲಾಂತು ಎಂಬದು ಮೊದಲು ಒಂದು ತೂಕದ ಹೆಸರು. ಅಷ್ಟು ತೂಕದ ಬೆಳ್ಳಿಗೂ ಅದೇ ಹೆಸರು ಬಂತು. ಆ ಕಾಲದ ಲೆಕ್ಕದ ಮೇರೆಗೆ ಒಂದು ತಲಾಂತಿಗೆ 6,000 ದಿನಾರಿಗಳು. ದಿನಾರಿಯೆಂದರೆ ಒಂದು ಬೆಳ್ಳಿಯ ನಾಣ್ಯ. ದ್ರಾಕ್ಷೇತೋಟದ ಆಳುಗಳ ಸಾಮ್ಯದಲ್ಲಿ (ಮತ್ತಾಯ 20) ಮುಂಜಾನೆಯಿಂದ ಸಾಯಂಕಾಲದ ವರೆಗೆ ಬಿಸಿಲಲ್ಲಿ ದುಡಿದವನಿಗೆ ಗೊತ್ತುಮಾಡಿದ ಕೂಲಿ ಒಂದು ದಿನಾರಿಯೇ. ಸಬ್ಬತ್ತುಗಳನ್ನೂ ಹಬ್ಬಗಳನ್ನೂ ಬಿಟ್ಟು ವರುಷಕ್ಕೆ 300 ದಿವಸ ಕೂಲಿ ಸಿಕ್ಕಿತೆಂದು ಇಟ್ಟುಕೊಂಡರೂ, ಒಂದು ತಲಾಂತನ್ನು ಕೂಡಿಸುವದಕ್ಕೆ ಒಬ್ಬ ಕೂಲಿಯವನು ಒಂದು ಕಾಸನ್ನೂ ತಿನ್ನದೆ 20 ವರುಷ ದುಡಿಯಬೇಕಾಗಿತ್ತು. ಹಾಗಾದರೆ ಅತಿ ಕಡಿಮೆ ಹೊಂದಿದ ಆಳಿನ ಕೈಯಲ್ಲಿಯೂ ಯಜಮಾನನು ಒಬ್ಬ ಮನುಷ್ಯನ ಪ್ರಾಯದ ದುಡಿಮೆಯಷ್ಟನ್ನು ಇಟ್ಟುಹೋದನು. ಅವನು ತನ್ನ ಕೈಯನ್ನು ನೋಡಿಕೊಳ್ಳಲಿಲ್ಲ. ಪಕ್ಕದವನ ಐದನ್ನು ನೋಡಿದನು. ಆದದರಿಂದ 20 ವರುಷದ ಕೂಲಿಯು ಅವನ ಕಣ್ಣಿಗೆ ಏನೂ ಅಲ್ಲವಾಗಿ ತೋರಿತು. ಯೂರೋಪಿನ ಹಲವು ಭಾಷೆಗಳಲ್ಲಿ ಮನುಷ್ಯನ ಸ್ವಾಭಾವಿಕ ಸಾಮರ್ಥ್ಯಕ್ಕೆ ತಲಾಂತು ಎಂಬ ಹೆಸರು ಬಂದದ್ದು ಇದೇ ಸಾಮ್ಯದಿಂದ ಎಂಬದನ್ನು ಇಲ್ಲಿ ಹೇಳಿ ಮುಂದಕ್ಕೆ ಹೋಗುವೆವು.

ಈ ಮೂರನೆಯ ಆಳು ಎಂಥವನು? ಅವನನ್ನು ಕಳ್ಳನೆಂದು ಹೇಳಕೂಡದು. ಕಿರೀಮಗನ ಹಾಗೆ ಅವನು ಆಸ್ತಿಯನ್ನು ದುಂದುಮಾಡಲಿಲ್ಲ, ಲೂಕ 16ನೆಯ ಅಧ್ಯಾಯದ ಮನೆವಾರ್ತೆಯವನ ಹಾಗೆ ಲೆಕ್ಕವನ್ನು ತಿದ್ದಲಿಲ್ಲ, ಕುಡಿಯಲಿಲ್ಲ, ಜೂಜಾಡಲಿಲ್ಲ. ಯೆಹೂದ್ಯರ ಶಾಸ್ತ್ರಿಗಳಲ್ಲಿ ಒಬ್ಬರ ಒಡವೆಯನ್ನು ಇಟ್ಟುಕೊಂಡವನ ವಿಷಯವಾಗಿ ಒಂದು ನ್ಯಾಯವಿತ್ತು. ಹೇಗಂದರೆ, ಹಣಕ್ಕೆ ನೆಲದಂಥ ಕಾವಲು ಬೇರೆ ಇಲ್ಲ ಎಂಬದು. ಹೀಗಿರಲಾಗಿ ಅವನ ನೆರೆಹೊರೆಯವರು ಅವನನ್ನು ಬುದ್ಧಿವಂತನೆಂದೂ ನಂಬಿಗಸ್ತನೆಂದೂ ಹೊಗಳಿರಬಹುದು. ತಾನು ಪ್ರಾಮಾಣಿಕನೆಂದು ಅವನೂ ಎಣಿಸಿದ್ದನು. ಇಲ್ಲದಿದ್ದರೆ ಆ ತಲಾಂತನ್ನು ಹಿಡಿದುಕೊಂಡು ಅಷ್ಟು ಧೈರ್ಯವಾಗಿ ಯಜಮಾನನ ಮುಂದೆ ನಿಲ್ಲುತ್ತಿದ್ದನೋ? ತೂಕಕ್ಕೆ ತೂಕ ಸರಿಯಾಗಿಯೇ ಹಿಂದಕ್ಕೆ ತಂದನು. ಅವನನ್ನು ಸೋಮಾರಿ ಎಂದು ಯಜಮಾನನು ಕರೆದನಾದರೂ ಹೂಳುವದಕ್ಕೆ ಅವನು ಪಟ್ಟ ಶ್ರಮವೇನೂ ಸಣ್ಣದಲ್ಲ. ಗುದ್ದಲಿ ಹಿಡಿದು ನೆಲವನ್ನು ಅಗೆದವನು ಅವನೊಬ್ಬನೇ! ವರವನ್ನು ಉಪಯೋಗಿಸದೆ ಇರುವದಕ್ಕೂ ಒಂದು ಕಷ್ಟವುಂಟು ಎಂಬದನ್ನು ನಮ್ಮಲ್ಲಿ ಹಲವರು ಬಲ್ಲರು. ನೆವಗಳನ್ನು ಹುಡುಕುವದೂ ಒಂದು ದುಡಿಮೆಯೇ.

ಉತ್ತರ ಸೀಮೆಯ ನಮ್ಮ ಊರುಗಳಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುವ ವಾಡಿಕೆಯನ್ನು ನಮ್ಮ ಹಿರಿಯರು ಬಲ್ಲರು. ನೆಲದೊಳಗೆ ಕುಣಿ ತೋಡಿ, ಸುತ್ತಲೂ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಯನ್ನು ಮಣ್ಣಿನಿಂದ ಮುಚ್ಚುತ್ತಿದ್ದರು. ಬರಗಾಲದಲ್ಲಿ ಎಷ್ಟೋ ಮನೆತನಗಳು ಹಗೇವಿನಿಂದಲೇ ಉಳಿದವು. ಆದರೆ ಅದೇ ಹಿರಿಯರು ಬಿತ್ತನೆಯ ಕಾಳನ್ನು ಮಾತ್ರ ಹಗೇವಿಗೆ ಹಾಕದೆ, ಒಳ್ಳೇ ತೆನೆಗಳನ್ನು ಆರಿಸಿ, ಬೂದಿ ಬೆರಸಿ, ಗಾಳಿಯಾಡುವ ಸ್ಥಳದಲ್ಲಿ ಬೇರೆ ಇಡುತ್ತಿದ್ದರು. ಯಾಕಂದರೆ ಬಹುದಿವಸ ಹಗೇವಿನಲ್ಲಿ ಬಿದ್ದ ಕಾಳು ಉಣ್ಣುವದಕ್ಕೆ ಬಂದೀತು, ಮೊಳೆಯುವದಕ್ಕೆ ಬಾರದು. ನೋಡುವದಕ್ಕೆ ಕಾಳು ಹಾಗೆಯೇ ಇರುವದು. ಅಳತೆಯಲ್ಲಿ ಒಂದು ಸೇರೂ ಕಡಿಮೆಯಾಗದು. ಒಳಗಿನ ಜೀವ ಮಾತ್ರ ಹೋಗಿರುವದು. ಮೂರನೆಯ ಆಳು ಯಜಮಾನನಿಗೆ ತಂದೊಪ್ಪಿಸಿದ್ದು ಅಂಥದ್ದೇ. ದೇವರು ನಮಗೆ ಕೊಟ್ಟದ್ದು ಬಿತ್ತನೆಯ ಕಾಳೆಂದು ತಿಳಿಯದವನು ಅದನ್ನು ಎಷ್ಟು ಜೋಪಾನವಾಗಿ ಇಟ್ಟರೂ ಕೆಡಿಸಿದವನೇ.

ಹಾಗಾದರೆ ಅವನು ಯಾಕೆ ಹೂಳಿಟ್ಟನು? ಕಾರಣವನ್ನು ಅವನ ಬಾಯಿಂದಲೇ ಕೇಳುತ್ತೇವೆ. ಯಜಮಾನನು ಕಠಿಣನು, ಬಿತ್ತದ ಕಡೆಯಲ್ಲಿ ಕೊಯ್ಯುವವನು ಎಂದು ಅವನು ನಿಶ್ಚಯಿಸಿಕೊಂಡಿದ್ದನು, ಆದದರಿಂದ ಹೆದರಿದನು. ಅದೇ ಯಜಮಾನನು 20 ವರುಷದ ಕೂಲಿಯನ್ನು ರುಜುವಿಲ್ಲದೆ ಜಾಮೀನಿಲ್ಲದೆ ತನ್ನ ಕೈಯಲ್ಲಿ ಇಟ್ಟುಹೋದನೆಂಬದು ಅವನ ನೆನಪಿಗೇ ಬರಲಿಲ್ಲ. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ನಮ್ಮ ಪಿತೃಗಳು ಮಾರಿಗೂ ಊರ ದೇವತೆಗಳಿಗೂ ಹೆದರಿಕೊಂಡು ಹರಕೆ ಹೊತ್ತು, ಆಯಾ ವರುಷದ ಹರಕೆಯನ್ನು ತೀರಿಸಿ, ಇನ್ನು ಆಕೆಯ ಗೊಡವೆ ನಮಗಿಲ್ಲ, ನಮ್ಮ ಗೊಡವೆ ಆಕೆಗಿಲ್ಲ ಎಂದು ನೆಮ್ಮದಿಯಾಗುತ್ತಿದ್ದರು. ನಾವು ಸ್ನಾನಹೊಂದಿ ಕ್ರಿಸ್ತನವರಾದೆವು, ಗುಡಿಯನ್ನು ಬಿಟ್ಟೆವು. ಆದರೂ ಆ ಹಳೆಯ ಭಯವನ್ನು ಸಭೆಯೊಳಗೆ ಹೊತ್ತುಕೊಂಡು ಬಂದವರು ಉಂಟು. ಭಾನುವಾರ ಆರಾಧನೆಗೆ ಬಂದೆವು, ಕಾಣಿಕೆಯ ಚೀಲದಲ್ಲಿ ಹಾಕತಕ್ಕದ್ದನ್ನು ಹಾಕಿದೆವು, ಸುಗ್ಗಿಯ ಹಬ್ಬದಲ್ಲಿ ಒಂದು ಮೊರ ಕಾಳು ಕೊಟ್ಟೆವು, ಅಲ್ಲಿಗೆ ಲೆಕ್ಕ ತೀರಿತು ಎಂದು ಅವರು ಎಣಿಸುವರು. ನಿನ್ನದು ನಿನಗೆ ಮುಟ್ಟಿತು ಎಂದು ಹೇಳಿ ಕೈತೊಳೆದುಕೊಂಡ ಆ ಆಳಿನ ಮಾತೂ ಇದೇ ತರದ್ದು. ತಂದೆಯೊಡನೆ ಮಗನು ಹೀಗೆ ಲೆಕ್ಕ ತೀರಿಸುವದುಂಟೋ? ಹೊಲವನ್ನು ಮಗನ ಕೈಗೆ ಕೊಟ್ಟ ತಂದೆಯು ಅದು ಬೆಳೆಯುವದನ್ನು ನೋಡಬೇಕೆಂದು ಕೊಡುವನೇ ಹೊರತು, ಅಷ್ಟೇ ಮಣ್ಣನ್ನು ಅಳೆದು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಕೊಡುವದಿಲ್ಲ.

ಸಾಹುಕಾರರ ಮತ್ತು ಬಡ್ಡಿಯ ಮಾತು 27ನೆಯ ವಚನದಲ್ಲಿ ಬರುವದರಿಂದ, ಬಡ್ಡಿಗೆ ಕೊಡುವದನ್ನು ಕರ್ತನು ಮೆಚ್ಚಿದನೋ ಎಂದು ಕೆಲವರು ಕೇಳುವದುಂಟು. ಸಾಲದ ಬಾಯಿಗೆ ಸಿಕ್ಕಿ ಹೊಲ ಕಳಕೊಂಡವರು ನಮ್ಮಲ್ಲಿ ಅನೇಕರಿರುವದರಿಂದ ಈ ಪ್ರಶ್ನೆಯು ಸಹಜವೇ. ಬಡ ಸಹೋದರನಿಂದ ಬಡ್ಡಿ ತೆಗೆದುಕೊಳ್ಳಕೂಡದೆಂದು ಮೋಶೆಯ ಧರ್ಮಶಾಸ್ತ್ರವು ಖಂಡಿತವಾಗಿ ಆಜ್ಞಾಪಿಸಿದೆ (ವಿಮೋಚನಕಾಂಡ 22:25). ಆ ಆಜ್ಞೆಯನ್ನು ಕರ್ತನು ಇಲ್ಲಿ ತೆಗೆದುಹಾಕಲಿಲ್ಲ. ಯಜಮಾನನ ಮಾತಿನ ಭಾವವೇನಂದರೆ, ನಿನಗೆ ಸ್ವಂತವಾಗಿ ವ್ಯಾಪಾರಮಾಡುವ ಧೈರ್ಯವಿಲ್ಲದಿದ್ದರೆ ಧೈರ್ಯವುಳ್ಳವನ ಕೈಗೆ ಅದನ್ನು ಕೂಡಿಸಬಹುದಾಗಿತ್ತು. ಈ ಮಾತು ಅಂಜುವವರಿಗೆ ದೊಡ್ಡ ಆದರಣೆ. ಸಭೆಯ ಮುಂದೆ ನಿಂತು ಓದಲಿಕ್ಕೆ ನಾಲಿಗೆ ತೊದಲುವ ತರುಣನು ಕಣ್ಣು ಮಬ್ಬಾದ ಅಜ್ಜನ ಪಕ್ಕದಲ್ಲಿ ಕೂತು ರಾತ್ರಿ ಒಂದು ಅಧ್ಯಾಯವನ್ನು ಓದಲಿ. ಓದು ಇವನದು, ಅರ್ಥ ಬಿಡಿಸುವ ಅನುಭವ ಅಜ್ಜನದು. ಎರಡೂ ಕೂಡಿದರೆ ಆ ಮನೆಯಲ್ಲಿ ಒಂದು ಪಾಠವಾಗುವದು. ಇಬ್ಬರಲ್ಲಿ ಯಾವನೂ ಒಬ್ಬಂಟಿಗನಾಗಿ ಅದನ್ನು ನಡಿಸಲಾರದೆ ಇದ್ದನು.

ಇನ್ನು ವರಗಳೆಂದರೆ ಯಾವವು? ನಮ್ಮ ಹಳ್ಳಿಗಳಲ್ಲಿ ಈ ಪ್ರಶ್ನೆಯನ್ನು ಕೇಳಿದರೆ, ಪ್ರಸಂಗಮಾಡುವದು, ಪ್ರಾರ್ಥನೆ ನಡಿಸುವದು, ಹಾಡುವದು ಎಂಬ ಮೂರು ಉತ್ತರಗಳು ಬರುವವು. ನಾಲ್ಕನೆಯದು ಬರುವದು ಅಪರೂಪ. ಸತ್ಯವೇದವು ಹೀಗೆ ಹೇಳುವದಿಲ್ಲ. ಒಬ್ಬ ಮನುಷ್ಯನು ದೇವರ ಆತ್ಮನಿಂದ ತುಂಬಿದವನಾದನೆಂದು ಸತ್ಯವೇದವು ಮೊತ್ತಮೊದಲು ಹೇಳುವದು ಪ್ರವಾದಿಯ ವಿಷಯವಾಗಿಯೂ ಅಲ್ಲ, ಅರಸನ ವಿಷಯವಾಗಿಯೂ ಅಲ್ಲ. ಬೆಚಲೇಲನೆಂಬ ಕೆಲಸಗಾರನ ವಿಷಯವಾಗಿ. ಚಿನ್ನ ಬೆಳ್ಳಿ ತಾಮ್ರಗಳ ಕೆಲಸ, ಕಲ್ಲು ಕೆತ್ತುವದು, ಮರದ ಕೆತ್ತನೆ, ಇವುಗಳಿಗಾಗಿ ದೇವರು ಅವನನ್ನು ಹೆಸರು ಹಿಡಿದು ಕರೆದನು. ಅವನ ಜೊತೆಗಾರನಾದ ಒಹೊಲೀಯಾಬನು ಕಸೂತಿಯನ್ನೂ ನೇಯಿಗೆಯನ್ನೂ ಬಲ್ಲವನು. ಕಲಿಸುವ ಸಾಮರ್ಥ್ಯವನ್ನೂ ದೇವರು ಇವರಿಬ್ಬರಿಗೆ ಕೊಟ್ಟನೆಂದು ಬರೆದದೆ. ಆಡುಕೂದಲನ್ನು ನೂತು ತಂದ ಸ್ತ್ರೀಯರನ್ನೂ ಆ ಅಧ್ಯಾಯವು ಮರೆಯಲಿಲ್ಲ. ದೇವದರ್ಶನದ ಗುಡಾರದ ಮೇಲ್ಹೊದಿಕೆಯು ಆಡುಕೂದಲಿನ ಬಟ್ಟೆ. ಅಂದರೆ ಮಹಾಯಾಜಕನು ಧೂಪಹಾಕಿದ್ದೂ ಆ ಹೆಸರಿಲ್ಲದ ಹೆಂಗಸರ ಕದರಿನ ನೆರಳಿನಲ್ಲಿಯೇ.

ಆ ಗುಡಾರಕ್ಕೆ ಬಂದ ಚಿನ್ನದ ವಿಷಯವನ್ನು ನಾವು ವಿಶೇಷವಾಗಿ ಗಮನಿಸತಕ್ಕದ್ದು. ವಿಮೋಚನಕಾಂಡ 32ರಲ್ಲಿ ಇಸ್ರಾಯೇಲ್ಯರು ಹೆಂಡತಿ ಮಕ್ಕಳ ಕಿವಿಯ ಮುರುವುಗಳನ್ನು ಬಿಚ್ಚಿ ಆರೋನನಿಗೆ ಕೊಟ್ಟರು. ಅವು ಕರಗಿ ಬಸವನಾಯಿತು. ಮೂರು ಅಧ್ಯಾಯಗಳ ಮೇಲೆ ಅದೇ ಜನರು ಅಂಥದೇ ಮುರುವುಗಳನ್ನೂ ಉಂಗುರಗಳನ್ನೂ ತಂದು ಕರ್ತನ ಗುಡಾರಕ್ಕೆ ಕೊಟ್ಟರು. ದೇವರು ಅವುಗಳನ್ನು ಅಂಗೀಕರಿಸಿದನು. ಬಸವನಾದ ಚಿನ್ನದಂಥ ಚಿನ್ನ ನನಗೆ ಬೇಡವೆಂದು ಆತನು ತಳ್ಳಿಬಿಡಲಿಲ್ಲ. ತಪ್ಪು ಚಿನ್ನದ್ದಲ್ಲ, ಅದನ್ನು ಯಾರ ಮುಂದೆ ಇಟ್ಟರೆಂಬದರಲ್ಲಿತ್ತು.

ಈ ಮಾತನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇವೆಂದರೆ, ನಮ್ಮ ಸಭೆಗಳಲ್ಲಿ ಇದು ಬರೀ ಪಾಠದ ಸಂಗತಿಯಲ್ಲ. ನಾವು ಬಲ್ಲ ಒಂದು ಹಳ್ಳಿಯಲ್ಲಿ ಹಲಗೆ ಬಾರಿಸುವದರಲ್ಲಿ ಸುತ್ತಣ ಊರುಗಳಿಗೆಲ್ಲಾ ಹೆಸರಾದ ಸಹೋದರನೊಬ್ಬನು ಇದ್ದನು. ಸ್ನಾನಹೊಂದಿದ ದಿವಸವೇ ಹಲಗೆಯನ್ನು ಅಟ್ಟದ ಮೇಲೆ ಹಾಕಿದನು. ಅದರ ತೊಗಲು ಇಲಿಗಳ ಪಾಲಾಯಿತು. ಜಾತ್ರೆಗೂ ಬಲಿಗೂ ಬಾರಿಸಿದ ಕೈ ಕರ್ತನ ಮುಂದೆ ಬಾರಿಸಬಾರದೆಂಬ ಸಂಕೋಚ ಅವನಿಗಿತ್ತು. ಇದಕ್ಕಿಂತ ಆಳವಾದ ಇನ್ನೊಂದು ನೋವೂ ಇತ್ತು. ಅವನ ತಂದೆ ತಾತಂದಿರು ಆ ಹಲಗೆಯನ್ನು ಇಷ್ಟದಿಂದ ಬಾರಿಸಿದವರಲ್ಲ. ಊರಿನವರ ಮದುವೆಗೂ ಹೆಣಕ್ಕೂ ಕರೆದಾಗಲೆಲ್ಲಾ ಓಡಿಹೋಗಿ, ದೂರ ನಿಂತು, ಬಿಟ್ಟಿಗೆ ಬಾರಿಸಿ, ಮಿಕ್ಕ ಅನ್ನವನ್ನು ಸೆರಗೊಡ್ಡಿ ತಂದವರು. ಆ ಚಾಕರಿಯನ್ನು ಅವನು ಬಿಟ್ಟದ್ದು ಸರಿಯೇ. ಕ್ರಿಸ್ತನು ಕ್ರಯಕ್ಕೆ ಕೊಂಡವನನ್ನು ಯಾವ ಊರಿನವರೂ ಬಿಟ್ಟಿಯಾಳಾಗಿ ಇಟ್ಟುಕೊಳ್ಳಕೂಡದು. ಈ ವಿಷಯದಲ್ಲಿ ಯಾರೂ ಅವನನ್ನು ಹಿಂದಕ್ಕೆ ಎಳೆಯದಿರಲಿ. ಆದರೆ ಅವನ ಬೆರಳುಗಳಲ್ಲಿರುವ ತಾಳವನ್ನು ಊರ ಗೌಡನು ಕೊಟ್ಟದ್ದಲ್ಲ. ಅದನ್ನು ಕೊಟ್ಟವನು ದೇವರು. ಇತರರು ಅದನ್ನು ಕಸಕೊಂಡು ಅವಮಾನಕ್ಕೆ ಉಪಯೋಗಿಸಿದರೆಂಬ ಕಾರಣದಿಂದ ಕೊಟ್ಟವನಿಗೂ ಅದು ಸಲ್ಲದೆ ಹೋಗಬೇಕೋ? ಕೆಂಪು ಸಮುದ್ರವನ್ನು ದಾಟಿದ ಮೇಲೆ ಮಿರ್ಯಾಮಳು ದಮ್ಮಡಿಯನ್ನು ಕೈಗೆ ತೆಗೆದುಕೊಂಡಳು. ಬಿಟ್ಟಿಕೆಲಸದ ದೇಶದಿಂದ ಹೊರಟುಬಂದ ಸ್ತ್ರೀಯರು ಆಕೆಯ ಹಿಂದೆ ಹೋದರು.

ಇಲ್ಲಿ ಒಂದು ಜಾಗ್ರತೆಯನ್ನು ಹೇಳಬೇಕು. ಹಲಗೆಯ ಸಪ್ಪಳ ಕೇಳಿದ ಕೂಡಲೆ ಹಳೆಯ ಜಾತ್ರೆಯ ನೆನಪಿನಿಂದ ಮನಸ್ಸು ಕಲಕಿಹೋಗುವ ಬಲಹೀನರು ಸಭೆಯಲ್ಲಿದ್ದರೆ, ಪೌಲನು 1 ಕೊರಿಂಥ 8ರಲ್ಲಿ ಕಲಿಸಿದಂತೆ ಅವರ ನಿಮಿತ್ತ ತಾಳ್ಮೆಯಿಂದಿರಬೇಕು. ಹಿರಿಯರು ಕೂಡಿ ವಿಚಾರಿಸಿ ಒಪ್ಪಿದ ಮೇಲೆಯೇ ಆರಂಭಿಸಬೇಕು. ನಮ್ಮ ಅಭಿಪ್ರಾಯವನ್ನು ಕೇಳುವದಾದರೆ, ದೂರದೇಶದಿಂದ ಬಂದ ಹಾರ್ಮೋನಿಯಂ ನಮ್ಮ ಆರಾಧನೆಗೆ ಸಲ್ಲುವಾಗ ನಮ್ಮ ಕೇರಿಯ ಹಲಗೆಯು ಸಲ್ಲದೆಂಬದಕ್ಕೆ ಸತ್ಯವೇದದಲ್ಲಿ ನಾವು ಒಂದು ವಚನವನ್ನೂ ಕಾಣೆವು.

ಕೈಕೆಲಸವೂ ವರವೆಂಬದನ್ನು ನಮ್ಮ ಕನ್ನಡ ಸೀಮೆಯ ಸಭೆಗಳು ತಮ್ಮ ಆದಿಯಲ್ಲಿಯೇ ಕಲಿತವು. ಬಾಸೆಲ್ ಮಿಶನಿನ ಬೋಧಕರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಸ್ನಾನಹೊಂದಿದವರಲ್ಲಿ ಅನೇಕರು ಮನೆಯಿಂದಲೂ ಗೇಣಿಯ ಹೊಲದಿಂದಲೂ ಕಸುಬಿನಿಂದಲೂ ಹೊರಗೆ ಹಾಕಲ್ಪಟ್ಟರು. ಇವರನ್ನು ಧರ್ಮದ ಅನ್ನದಿಂದ ಸಾಕುತ್ತಾ ಹೋದರೆ ಇವರ ಕೈಗಳಲ್ಲಿದ್ದ ವರವೇ ಸತ್ತುಹೋಗುತ್ತಿತ್ತು. 1851ರಲ್ಲಿ ಹಾಲರ್ ಎಂಬವರು ಮಂಗಳೂರಿನಲ್ಲಿ ನೇಯಿಗೆಯ ಕಾರ್ಖಾನೆಯ ಕೆಲಸವನ್ನು ಕೈಗೊಂಡರು. ಅಲ್ಲಿ ಖಾಕಿ ಬಣ್ಣದ ಬಟ್ಟೆಯೂ ನೇಯಲ್ಪಟ್ಟಿತು. 1865ರಲ್ಲಿ ಯಂತ್ರದ ಕೆಲಸವನ್ನು ಬಲ್ಲ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ನೇತ್ರಾವತಿಯ ದಡದ ಜೇಡಿಮಣ್ಣು ಎಷ್ಟೋ ಕಾಲದಿಂದ ಅಲ್ಲಿಯೇ ಬಿದ್ದಿತ್ತು. ಕೆಲಸವಿಲ್ಲದ ಕೈಗಳೂ ಅಲ್ಲಿಯೇ ಇದ್ದವು. ಎರಡನ್ನು ಕೂಡಿಸುವ ಕಣ್ಣು ಮಾತ್ರ ಬೇಕಾಗಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆ ಕಾರ್ಖಾನೆಗಳು ಮಿಶನಿನ ಕೈಬಿಟ್ಟುಹೋದವು; ಆದರೆ ಕಲಿತ ಕೈಗಳನ್ನು ಯಾವ ಯುದ್ಧವೂ ಕಸಕೊಳ್ಳಲಿಲ್ಲ. ಮೂರನೆಯ ಆಳು ಮಣ್ಣಿನಲ್ಲಿ ತನ್ನ ತಲಾಂತನ್ನು ಹೂಳಿದನು, ಇವರೋ ಮಣ್ಣಿನೊಳಗಿಂದ ತಮ್ಮ ತಲಾಂತನ್ನು ಅಗೆದು ತೆಗೆದರು.

ಅದೇ ಮಂಗಳೂರಿನಲ್ಲಿ 1894ರಲ್ಲಿ ಕಿಟ್ಟೆಲ್ ಅಯ್ಯನವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿ ಹೊರಬಂತು. ಅವರು ಈ ದೇಶಕ್ಕೆ ಬಂದದ್ದು 1853ರಲ್ಲಿ. ನಡುವೆ 41 ವರುಷಗಳು ಸಂದವು. ಸುಮಾರು 70,000 ಶಬ್ದಗಳುಳ್ಳ ಆ ಗ್ರಂಥವನ್ನು ಪಂಡಿತರು ಹೊಗಳುವರು, ಅದು ಯುಕ್ತವೇ. ಆದರೆ ನಮ್ಮ ಮನಸ್ಸಿಗೆ ಹತ್ತುವ ಸಂಗತಿ ಬೇರೆ. ಅವರು ಹಳೇ ಕಾವ್ಯಗಳಿಂದ ಮಾತ್ರವಲ್ಲ, ಜನರ ಬಾಯಿಯ ಮಾತಿನಿಂದಲೂ ಗಾದೆಗಳಿಂದಲೂ ಶಬ್ದಗಳನ್ನು ಆರಿಸಿಕೊಂಡರು. ಒಕ್ಕಲಿಗನ ನೇಗಿಲಿನ ಮಾತು, ಹೆಂಗಸರ ಒಲೆಯ ಮಾತು, ಇವೆಲ್ಲಾ ಆ ಪುಸ್ತಕದೊಳಗೆ ಸೇರಿವೆ. ತಾವು ದಿನಾಲು ಆಡುವ ಮಾತೂ ಒಂದು ವರವೆಂದು ಆಡಿದವರಿಗೆ ಗೊತ್ತಿರಲಿಲ್ಲ. ಕೇಳುವ ಕಿವಿಯುಳ್ಳವನು ಬಂದ ಮೇಲೆ ಗೊತ್ತಾಯಿತು.

ಇಷ್ಟು ಕೇಳಿದ ಮೇಲೂ, ನನ್ನಲ್ಲಿ ಕೈಯ ಕೆಲಸವೂ ಇಲ್ಲ, ಮಾತೂ ಇಲ್ಲ, ಮುದಿತನವೂ ರೋಗವೂ ಮಾತ್ರ ಇವೆ ಎನ್ನುವವರು ಇರಬಹುದು. ಬಂಗಾಳದ ಶ್ರೀರಾಮಪುರದಲ್ಲಿ ಸತ್ಯವೇದವನ್ನು ಅನೇಕ ಭಾಷೆಗಳಿಗೆ ತಿರುಗಿಸಿದ ವಿಲ್ಯಮ್ ಕೇರಿಯವರ ಹೆಸರನ್ನು ನೀವು ಕೇಳಿದ್ದೀರಿ. ಆತನು ಮೊದಲು ಜೋಡು ಹೊಲಿಯುವ ಕಸುಬಿನವನು. 1793ರಲ್ಲಿ ಈ ದೇಶಕ್ಕೆ ಬಂದನು. ಇಂಗ್ಲೆಂಡಿನಲ್ಲಿ ಆತನಿಗೆ ಒಬ್ಬ ತಂಗಿ ಇದ್ದಳು. ಪಾರ್ಶ್ವವಾಯುವಿನಿಂದ ಆಕೆಯು 50 ವರುಷಗಳಿಗೂ ಹೆಚ್ಚು ಕಾಲ ಹಾಸಿಗೆ ಹಿಡಿದು ಮಲಗಿದಳು. ಬಲಗೈಯೊಂದೇ ಆಕೆಯ ಸ್ವಾಧೀನದಲ್ಲಿ ಉಳಿಯಿತು. ಆ ಕೈಯಿಂದ ಅಣ್ಣನಿಗೆ ಉದ್ದುದ್ದ ಪತ್ರಗಳನ್ನು ಬರೆದು, ಅವನ ಕೆಲಸದ ಒಂದೊಂದು ಸಂಗತಿಯನ್ನು ಹಿಡಿದು ಪ್ರಾರ್ಥಿಸುತ್ತಿದ್ದಳು. ಅಣ್ಣನದು ಐದು ತಲಾಂತು, ತಂಗಿಯದು ಒಂದು. ಆದರೆ ಸಾಮ್ಯದಲ್ಲಿ ಐದನ್ನು ತಂದವನಿಗೂ ಎರಡನ್ನು ತಂದವನಿಗೂ ಯಜಮಾನನು ಹೇಳಿದ ಹೊಗಳಿಕೆಯ ಮಾತು ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲದೆ ಒಂದೇ ಆಗಿದೆ. 21ನೆಯ ವಚನವನ್ನೂ 23ನೆಯ ವಚನವನ್ನೂ ಎದುರೆದುರಾಗಿ ಇಟ್ಟು ಓದಿರಿ.

ಯೊಪ್ಪದ ದೊರ್ಕಳ ಸಂಗತಿಯಲ್ಲಿಯೂ ಹೀಗೆಯೇ. ಆಕೆಯು ಒಂದು ಪ್ರಸಂಗವನ್ನಾದರೂ ಮಾಡಿದಳೆಂದು ಬರೆದಿಲ್ಲ. ಆಕೆ ಸತ್ತಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಆಕೆ ಹೊಲಿದುಕೊಟ್ಟ ಅಂಗಿಗಳನ್ನೂ ವಸ್ತ್ರಗಳನ್ನೂ. ನಮ್ಮ ಸಭೆಗಳಲ್ಲೊಂದರಲ್ಲಿ ಹಿಂದೆ ಸೂಲಗಿತ್ತಿಯಾಗಿದ್ದ ವಿಧವೆಯೊಬ್ಬಳು ಇದ್ದಾಳೆ. ಈಗ ಹೆರಿಗೆಗಳೆಲ್ಲಾ ಆಸ್ಪತ್ರೆಯಲ್ಲಿ ಆಗುವದರಿಂದ ತನ್ನ ವಿದ್ಯೆಗೆ ಕಾಲವಿಲ್ಲವೆಂದು ಆಕೆ ಕೂತುಕೊಳ್ಳಲಿಲ್ಲ. ಚೊಚ್ಚಲ ಬಸುರಿಯರ ಸಂಗಡ ಬಂಡಿಯಲ್ಲೋ ಬಸ್ಸಿನಲ್ಲೋ ಆಸ್ಪತ್ರೆಗೆ ಹೋಗುವಳು. ನೋವಿನ ಹೊತ್ತಿನಲ್ಲಿ ಬೆನ್ನು ತಿಕ್ಕುವಳು. ಯಾವ ನೋವು ನಿಜವಾದದ್ದು, ಯಾವದು ಸುಳ್ಳು ನೋವು ಎಂದು ತಿಳಿದು, ಹೊರಡತಕ್ಕ ಹೊತ್ತನ್ನು ಮನೆಯವರಿಗೆ ಹೇಳುವಳು. ಊರಿನ ಮೇಲುಕೇರಿಯವರೂ ರಾತ್ರಿಯಲ್ಲಿ ಆಕೆಯ ಬಾಗಲನ್ನು ತಟ್ಟುವರು. ಹಗಲಲ್ಲಿ ಆಕೆಗೆ ನೀರನ್ನು ಎತ್ತಿ ಹೊಯ್ದವರು ರಾತ್ರಿಯಲ್ಲಿ ಅಕ್ಕಾ ಎಂದು ಕರೆದದ್ದನ್ನು ನಾವು ಕೇಳಿದ್ದೇವೆ.

ವರವುಳ್ಳವರಿಗೆ ಬರುವ ಗರ್ವದ ವಿಷಯವಾಗಿ ಹೆಚ್ಚು ಹೇಳುವದಿಲ್ಲ. ತನ್ನನ್ನು ಮುಂದೆ ಕೂಡ್ರಿಸಲಿಲ್ಲವೆಂದು ಮುನಿದು ಹಾಡುವದನ್ನೇ ಬಿಟ್ಟ ಹಾಡುಗಾರನು, ಲೆಕ್ಕ ಬಲ್ಲೆನೆಂದು ಸಭೆಯ ಪುಸ್ತಕವನ್ನು ಮನೆಯಲ್ಲಿಟ್ಟುಕೊಂಡು ಯಾರಿಗೂ ತೋರಿಸದ ಹಿರಿಯನು, ಇಂಥವರು ಕೊರಿಂಥದಲ್ಲಿಯೂ ಇದ್ದರು, ನಮ್ಮಲ್ಲಿಯೂ ಇದ್ದಾರೆ. ಅವರು 1 ಕೊರಿಂಥ 12 ಮತ್ತು 13ನೆಯ ಅಧ್ಯಾಯಗಳನ್ನು ಬಿಡಿಸದೆ ಒಟ್ಟಿಗೆ ಓದಲಿ.

ಈ ಪಾಠವನ್ನು ಬರೆಯುವದಕ್ಕೆ ನಮ್ಮನ್ನು ಪ್ರೇರಿಸಿದ ಸಂಗತಿ ಇನ್ನೊಂದು. ನಮ್ಮ ಹಳ್ಳೀಸಭೆಗಳಲ್ಲಿ ಬಹಳವು ಉಪದೇಶಿಯು ತಿಂಗಳಿಗೆ ಒಂದೆರಡು ಸಾರಿ ಮಾತ್ರ ಬಂದುಹೋಗುವ ಸಭೆಗಳು. ಅವನು ಬಂದ ಭಾನುವಾರ ದೀಪ ಹೊತ್ತುವದು, ಗಂಟೆ ಬಾರಿಸುವದು. ಬಾರದ ಭಾನುವಾರ ಬಾಗಲಿಗೆ ಬೀಗ. ಇಪ್ಪತ್ತು ಮನೆಗಳ ಸಭೆಯಲ್ಲಿ ಓದಬಲ್ಲವರು ಹತ್ತು ಮಂದಿ ಇದ್ದಾಗ್ಯೂ, ಸಂಬಳ ತೆಗೆದುಕೊಳ್ಳುವವನು ಅವನು, ಅವನೇ ಮಾಡಲಿ ಎಂಬದು ವಾಡಿಕೆಯಾಗಿದೆ. ಎಲ್ಲವೂ ತಮ್ಮ ಕೈಯಿಂದಲೇ ಆಗಬೇಕೆಂದು ಬಯಸುವ ಕೆಲವು ಸೇವಕರೂ ಈ ವಾಡಿಕೆಗೆ ನೀರೆರೆದಿದ್ದಾರೆ. ಎಫೆಸ 4:12ನ್ನು ನೋಡಿರಿ: ಸಭಾಪಾಲಕರನ್ನೂ ಉಪದೇಶಕರನ್ನೂ ಕರ್ತನು ಕೊಟ್ಟದ್ದು ಅವರೊಬ್ಬರೇ ಸೇವೆಮಾಡಬೇಕೆಂದಲ್ಲ, ದೇವಜನರೆಲ್ಲರನ್ನೂ ಸೇವೆಗೆ ಸಿದ್ಧಮಾಡಬೇಕೆಂದು. ಅಪೊಸ್ತಲರು ಯೆರೂಸಲೇಮಿನಲ್ಲಿ ಊಟ ಹಂಚುವ ಕೆಲಸಕ್ಕೆ ಏಳು ಮಂದಿಯನ್ನು ಸಭೆಯಿಂದಲೇ ಆರಿಸಿಕೊಳ್ಳಿರೆಂದು ಹೇಳಿದಾಗ, ಹೊಸ ಸಂಬಳವನ್ನು ಗೊತ್ತುಮಾಡಲಿಲ್ಲ. ಉಪದೇಶಿಯು ಬಾರದ ಭಾನುವಾರವೇ ಒಂದು ಸಭೆಯ ಲೆಕ್ಕ ಕೊಡುವ ಭಾನುವಾರ. ಅಂದು ಬೀಗ ಬಿದ್ದಿದ್ದರೆ, ಹತ್ತು ತಲಾಂತುಗಳು ಆ ಬಾಗಲ ಹಿಂದೆ ಹೂಳಲ್ಪಟ್ಟಿವೆ.

ಆದರೆ ಅಂಜುವವನು ತಾನಾಗಿ ಎದ್ದುಬಂದು, ನನ್ನಲ್ಲಿ ಇಂಥ ವರವುಂಟು ಎಂದು ಹೇಳುವದು ಕಷ್ಟ. ಹೇಳಿದರೆ ಜನರು ನಗುವರೆಂಬ ಭಯವೂ ಉಂಟು. ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯಲ್ಲಿ ಅರ್ಖಿಪ್ಪನೆಂಬವನಿಗೆ ಒಂದು ಮಾತನ್ನು ಕಳುಹಿಸುತ್ತಾನೆ. ಕರ್ತನಿಂದ ಹೊಂದಿದ ಸೇವೆಯನ್ನು ಪೂರೈಸಲಿಕ್ಕೆ ಅವನು ಎಚ್ಚರವಾಗಿರಬೇಕೆಂಬದೇ ಆ ಮಾತು (4:17). ವಿಶೇಷವೇನಂದರೆ ಅದನ್ನು ನೇರವಾಗಿ ಅವನಿಗೆ ಬರೆಯಲಿಲ್ಲ. ನೀವು ಅವನಿಗೆ ಹೇಳಿರೆಂದು ಸಭೆಗೆ ಬರೆದನು. ಒಬ್ಬನ ವರವನ್ನು ಅವನಿಗೆ ತಿಳಿಸುವ ಭಾರವು ಸಭೆಯ ಮೇಲಿದೆ.

ಆದದರಿಂದ ಹಿರಿಯರು ಈ ತಿಂಗಳಲ್ಲಿ ಹೀಗೆ ಮಾಡಬಹುದು. ಇಬ್ಬಿಬ್ಬರಾಗಿ ಸಂಜೆ ಹೊತ್ತು ಮನೆಮನೆಗೆ ಹೋಗಿರಿ. ಕಾಣಿಕೆಯ ಬಾಕಿಯನ್ನು ಕೇಳುವದಕ್ಕಲ್ಲವೆಂದು ಬಾಗಲಲ್ಲಿಯೇ ಹೇಳಿಬಿಡಿರಿ, ಇಲ್ಲದಿದ್ದರೆ ಮನೆಯವರು ಹಿತ್ತಲ ಬಾಗಲಿನಿಂದ ಹೊರಟುಹೋದಾರು. ಮನೆಯಲ್ಲಿರುವ ಒಬ್ಬೊಬ್ಬರು ಏನನ್ನು ಬಲ್ಲರೆಂದು ವಿಚಾರಿಸಿರಿ. ಅವರೇ ಹೇಳದಿದ್ದರೆ ನೆರೆಯವರನ್ನು ಕೇಳಿರಿ. ಸೊಸೆಯಂದಿರನ್ನೂ ಮುದುಕರನ್ನೂ ಮರೆಯಬೇಡಿರಿ. ಒಂದು ಪುಸ್ತಕದಲ್ಲಿ ಹೆಸರನ್ನೂ ವರವನ್ನೂ ಬರೆದುಕೊಂಡು, ಉಪದೇಶಿಯು ಬಾರದ ಮುಂದಿನ ಭಾನುವಾರಕ್ಕೆ ಗಂಟೆ ಬಾರಿಸುವವನು, ದೀಪಕ್ಕೆ ಎಣ್ಣೆ ತರುವವಳು, ಅಧ್ಯಾಯವನ್ನು ಓದುವವನು, ಹಾಡನ್ನು ಎತ್ತುವವಳು, ಆರಾಧನೆಯಾದ ಮೇಲೆ ರೋಗಿಗಳ ಮನೆಗೆ ಹೋಗುವ ಇಬ್ಬರು, ಹೀಗೆ ಹಂಚಿಕೊಟ್ಟು, ಶನಿವಾರ ಸಾಯಂಕಾಲ ಒಬ್ಬೊಬ್ಬರಿಗೂ ಮತ್ತೊಮ್ಮೆ ನೆನಪುಮಾಡಿರಿ. ಬೀಗದ ಕೈ ಅಂದು ಯಾರ ಮನೆಯಲ್ಲಿರಬೇಕೆಂಬದನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ.